ಅಮೆರಿಕದ ಶನಿವಾರದ ಟಪಾಲು: ಬಟವಾಡೆ ಕಡಿತ, ಅಂಚೆಯ ನಷ್ಟ ಮತ್ತು ಲಕೋಟೆಯ ಮೇಲಿನ ತಾರೀಕು – ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ ಬಹುಮುಖ್ಯ ಕಾಗದಗಳೆಲ್ಲ ಇಂದಿಗೂ ಅಂಚೆಯಲ್ಲೇ ಬರುತ್ತವೆ: ಗ್ರೀನ್ ಕಾರ್ಡ್, ಸೋಷಿಯಲ್ ಸೆಕ್ಯುರಿಟಿ ಕಾರ್ಡ್, ಡ್ರೈವಿಂಗ್ ಲೈಸೆನ್ಸ್, ತೆರಿಗೆ ಇಲಾಖೆಯ ಪತ್ರ, ಬ್ಯಾಂಕಿನ ಕಾರ್ಡ್. ಅದಕ್ಕೇ "ಶನಿವಾರದ ಬಟವಾಡೆ ನಿಲ್ಲುತ್ತದಂತೆ", "ಅಂಚೆ ಇಲಾಖೆ ದಿವಾಳಿಯಂತೆ" ಎಂಬ ಸುದ್ದಿ ಬಂದಾಗಲೆಲ್ಲ ಅದೇ ಪ್ರಶ್ನೆಗಳು ಮತ್ತೆ ಮತ್ತೆ ಏಳುತ್ತವೆ. ಅವುಗಳಿಗೆ ಇಲ್ಲಿ ಉತ್ತರವಿದೆ.

ಶನಿವಾರದ ಬಟವಾಡೆ ನಿಂತಿದೆಯೇ?

ಇಲ್ಲ. ಯುಎಸ್‌ಪಿಎಸ್ (ಅಮೆರಿಕದ ಅಂಚೆ ಸೇವೆ) ಸೋಮವಾರದಿಂದ ಶನಿವಾರದವರೆಗೆ, ವಾರಕ್ಕೆ ಆರು ದಿನ ಟಪಾಲು ಹಂಚುತ್ತಿದೆ. ಭಾನುವಾರ ಮಾಮೂಲಿ ಪತ್ರಗಳಿಲ್ಲ. ಕೆಲವು ಊರುಗಳಲ್ಲಿ ಪಾರ್ಸೆಲ್ ಮತ್ತು ಎಕ್ಸ್‌ಪ್ರೆಸ್ ಮಾತ್ರ ಬರುತ್ತವೆ. ವರ್ಷಕ್ಕೆ 11 ಫೆಡರಲ್ ರಜಾದಿನಗಳಲ್ಲಿ ಮಾಮೂಲಿ ಬಟವಾಡೆ ಇರುವುದಿಲ್ಲ.

ಹಾಗೆಂದು ಕಡಿತವೇ ಆಗಿಲ್ಲ ಎಂದುಕೊಂಡರೆ ತಪ್ಪು. ಶನಿವಾರ ಉಳಿದಿದೆ, ಕತ್ತರಿ ಬಿದ್ದಿರುವುದು ವೇಗದ ಮೇಲೆ. ಮನೆಗೆ ಪೋಸ್ಟ್‌ಮ್ಯಾನ್ ಬರುವ ದಿನಗಳು ಮೊದಲಿನಷ್ಟೇ ಇವೆ. ಆದರೆ ನೀವು ಪೆಟ್ಟಿಗೆಗೆ ಹಾಕಿದ ಕಾಗದ ಊರು ಬಿಡುವುದು, ಅದಕ್ಕೆ ಸೀಲು ಬೀಳುವುದು, ಅದು ತಲುಪುವುದು ತಡವಾಗಿದೆ. ಈ ವ್ಯತ್ಯಾಸ ತಿಳಿಯದೆ ಜನ ಪೆಟ್ಟು ತಿನ್ನುತ್ತಿದ್ದಾರೆ.

ಹಾಗಾದರೆ "ಶನಿವಾರ ರದ್ದು" ಎಂಬ ಸುದ್ದಿ ಎಲ್ಲಿಂದ ಬಂತು?

2013ರಿಂದ. ಆ ವರ್ಷ ಫೆಬ್ರವರಿ 6ರಂದು ಅಂದಿನ ಪೋಸ್ಟ್‌ಮಾಸ್ಟರ್ ಜನರಲ್ (ಇಡೀ ಅಂಚೆ ಸೇವೆಯ ಮುಖ್ಯಸ್ಥ) ಪ್ಯಾಟ್ರಿಕ್ ಡೊನಾಹೋ, ಆಗಸ್ಟ್ ಮೊದಲ ವಾರದಿಂದ ಶನಿವಾರ ಪತ್ರ ಹಂಚುವುದಿಲ್ಲ ಎಂದು ಘೋಷಿಸಿದರು. ಪಾರ್ಸೆಲ್ ಹಂಚಿಕೆ ಮುಂದುವರಿಯುತ್ತಿತ್ತು, ಪಿ.ಒ. ಬಾಕ್ಸ್‌ಗಳಿಗೆ ಟಪಾಲು ಬೀಳುತ್ತಿತ್ತು. ವರ್ಷಕ್ಕೆ ಸುಮಾರು 200 ಕೋಟಿ ಡಾಲರ್ ಉಳಿಯುತ್ತದೆ ಎಂಬುದು ಅವರ ಲೆಕ್ಕ. ಆದರೆ ಮಾರ್ಚ್‌ನಲ್ಲಿ ಸಂಸತ್ತು ಒಪ್ಪಿದ ಖರ್ಚಿನ ಮಸೂದೆಯಲ್ಲಿ ಆರು ದಿನದ ಬಟವಾಡೆಯ ಷರತ್ತು ಹಾಗೇ ಉಳಿಯಿತು. ಏಪ್ರಿಲ್‌ನಲ್ಲಿ ಅಂಚೆ ಸೇವೆಯ ಆಡಳಿತ ಮಂಡಳಿ ಯೋಜನೆಯನ್ನು ಹಿಂದಕ್ಕೆ ಪಡೆಯಿತು. ಒಂದೇ ಒಂದು ಶನಿವಾರವೂ ನಿಲ್ಲಲಿಲ್ಲ.

ನಿಜವಾಗಿ ನಿಂತದ್ದು 1957ರಲ್ಲಿ, ಅದೂ ಒಂದೇ ದಿನ. ದುಡ್ಡು ಸಾಲುತ್ತಿಲ್ಲ ಎಂದು ಅಂದಿನ ಪೋಸ್ಟ್‌ಮಾಸ್ಟರ್ ಜನರಲ್ ಆರ್ಥರ್ ಸಮ್ಮರ್‌ಫೀಲ್ಡ್ ಏಪ್ರಿಲ್ 13ರ ಶನಿವಾರದ ಬಟವಾಡೆ ನಿಲ್ಲಿಸಿದರು. ಗಲಾಟೆಯೆದ್ದಿತು. ಸಂಸತ್ತು 4.1 ಕೋಟಿ ಡಾಲರ್ ಹೆಚ್ಚುವರಿ ಹಣ ಮಂಜೂರು ಮಾಡಿತು. ಮುಂದಿನ ಶನಿವಾರ ಪೋಸ್ಟ್‌ಮ್ಯಾನ್ ಮತ್ತೆ ಬಾಗಿಲಿಗೆ ಬಂದ.

ಬಟವಾಡೆ ಕಡಿತಕ್ಕೆ ಇದಕ್ಕಿಂತ ಹಳೆಯ ಇತಿಹಾಸವಿದೆ. 1912ರಲ್ಲಿ ಭಾನುವಾರ ಅಂಚೆ ಕಚೇರಿಗಳ ಬಾಗಿಲು ಮುಚ್ಚಿತು. 1950ರವರೆಗೆ ಮನೆಗಳಿಗೆ ದಿನಕ್ಕೆ ಎರಡು ಸಲ ಬರುತ್ತಿದ್ದ ಟಪಾಲು ಆ ವರ್ಷ ಒಂದೇ ಸಲಕ್ಕೆ ಇಳಿಯಿತು.

ಆರು ದಿನ ಹಂಚಲೇಬೇಕು ಎಂದು ಕಾನೂನು ಇದೆಯೇ?

ಇದೆ. 1980ರ ದಶಕದಿಂದ ಪ್ರತಿ ವರ್ಷದ ಖರ್ಚಿನ ಮಸೂದೆಯಲ್ಲಿ ಒಂದು ಸಾಲು ಸೇರುತ್ತ ಬಂದಿದೆ: ಆರು ದಿನದ ಬಟವಾಡೆ ಮತ್ತು ಹಳ್ಳಿ ಬಟವಾಡೆ 1983ರ ಮಟ್ಟಕ್ಕಿಂತ ಕಡಿಮೆಯಾಗಕೂಡದು. ಆ ಸಾಲು ವರ್ಷ ವರ್ಷ ನವೀಕರಣವಾಗಬೇಕಿತ್ತು, ಬಿಟ್ಟುಹೋದರೆ ರಕ್ಷಣೆಯೂ ಹೋಗುತ್ತಿತ್ತು. 2022ರ ಏಪ್ರಿಲ್ 6ರಂದು ಅಧ್ಯಕ್ಷ ಬೈಡನ್ ಸಹಿ ಹಾಕಿದ ಅಂಚೆ ಸುಧಾರಣಾ ಕಾಯ್ದೆ ಅದನ್ನು ಕಾಯಂ ಮಾಡಿತು. ಪತ್ರ ಮತ್ತು ಪಾರ್ಸೆಲ್ ಎರಡನ್ನೂ ಒಂದೇ ಜಾಲದಲ್ಲಿ, ವಾರಕ್ಕೆ ಕನಿಷ್ಠ ಆರು ದಿನ ಹಂಚಬೇಕು. ವಿನಾಯಿತಿ ಇರುವುದು ಫೆಡರಲ್ ರಜೆ ಬಂದ ವಾರಕ್ಕೆ, ಪ್ರಕೃತಿ ವಿಕೋಪದಂಥ ತುರ್ತಿಗೆ, ಮತ್ತು ಕಾಯ್ದೆ ಬರುವ ಮೊದಲೇ ಆರು ದಿನಕ್ಕಿಂತ ಕಡಿಮೆ ಬಟವಾಡೆ ಇದ್ದ ಕೆಲವು ದೂರದ ಜಾಗಗಳಿಗೆ.

ಆದ್ದರಿಂದ ಶನಿವಾರವನ್ನು ಕೈಬಿಡಬೇಕೆಂದರೆ ಸಂಸತ್ತು ಕಾಯ್ದೆಯನ್ನೇ ತಿದ್ದಬೇಕು. ಪೋಸ್ಟ್‌ಮಾಸ್ಟರ್ ಜನರಲ್ ಒಬ್ಬರ ಆದೇಶದಿಂದ ಆಗುವ ಮಾತಲ್ಲ.

ಒಂದು ದಿನ ಬಿಟ್ಟರೆ ಆರನೇ ಒಂದು ಭಾಗ ಖರ್ಚು ಉಳಿಯುವುದಿಲ್ಲವೇ?

ಉಳಿಯುವುದಿಲ್ಲ. ಏಕೆಂದು ತಿಳಿಯಲು ಪೋಸ್ಟ್‌ಮ್ಯಾನ್‌ಗಳ ಪಾಳಿ ನೋಡಬೇಕು.

ನಗರದ ಒಂದು ರೂಟಿಗೆ ಒಬ್ಬ ಕಾಯಂ ಪೋಸ್ಟ್‌ಮ್ಯಾನ್. ಆತ ವಾರಕ್ಕೆ ಐದು ದಿನ ದುಡಿಯುತ್ತಾನೆ, ರೂಟು ಆರು ದಿನ ನಡೆಯುತ್ತದೆ. ಉಳಿದ ಆ ಒಂದು ದಿನಕ್ಕೆ "ಟಿ-6" ಎಂದು ಕರೆಯುವ ಇನ್ನೊಬ್ಬ ನೌಕರ ಬರುತ್ತಾನೆ. ಐದು ರೂಟುಗಳಿಗೆ ಒಬ್ಬ ಟಿ-6, ಸೋಮವಾರ ಒಂದು ರೂಟು, ಮಂಗಳವಾರ ಇನ್ನೊಂದು, ಹೀಗೆ. ಐದು ರೂಟು ಗುಣಿಸು ಆರು ದಿನ, ಮೂವತ್ತು. ಆರು ಜನ ಗುಣಿಸು ಐದು ದಿನ, ಅದೂ ಮೂವತ್ತು. ಶನಿವಾರ ತೆಗೆದರೆ ಈ ಟಿ-6 ಹುದ್ದೆಯೇ ಬೇಡವಾಗುತ್ತದೆ. ಕಾಗದದ ಮೇಲಿನ ಉಳಿತಾಯ ಹೆಚ್ಚಾಗಿ ಬರುವುದು ಇಲ್ಲಿಂದ.

ಆದರೆ ಶನಿವಾರದ ಟಪಾಲು ಮಾಯವಾಗುವುದಿಲ್ಲ, ಸೋಮವಾರದ ಚೀಲಕ್ಕೆ ಸೇರುತ್ತದೆ. ಸೋಮವಾರ ಮೊದಲೇ ಭಾರದ ದಿನ. ಯಂತ್ರವು ಪತ್ರಗಳನ್ನು ಮನೆಗಳ ಸಾಲಿನ ಕ್ರಮದಲ್ಲೇ ಜೋಡಿಸಿ ಟ್ರೇಗಳಲ್ಲಿ ಕೊಟ್ಟರೂ, ದೊಡ್ಡ ಲಕೋಟೆ, ಪತ್ರಿಕೆ, ಪಾರ್ಸೆಲ್‌ಗಳನ್ನು ಪೋಸ್ಟ್‌ಮ್ಯಾನ್ ತಾನೇ ಹೊಂದಿಸಿಕೊಳ್ಳಬೇಕು. ಅಷ್ಟನ್ನೂ ಎಂಟು ತಾಸಿನಲ್ಲಿ ಹಂಚಲು ಆಗದಿದ್ದರೆ ಓವರ್‌ಟೈಮ್ ಬೀಳುತ್ತದೆ. ಮೇಲಾಗಿ ಪಾರ್ಸೆಲ್‌ಗಾಗಿ ಶನಿವಾರ ಗಾಡಿ ಹೇಗೂ ಓಡಬೇಕು. ಗಾಡಿ ಬೀದಿಗೆ ಇಳಿದ ಮೇಲೆ ಪತ್ರವನ್ನೂ ಅದರಲ್ಲೇ ಹಾಕಿಕೊಂಡು ಹೋಗುವುದಕ್ಕೆ ಹೆಚ್ಚಿನ ಖರ್ಚು ಅಲ್ಪ.

2010ರಲ್ಲಿ ಅಂಚೆ ಸೇವೆ ಐದು ದಿನದ ಬಟವಾಡೆಯಿಂದ ವರ್ಷಕ್ಕೆ 310 ಕೋಟಿ ಡಾಲರ್ ಉಳಿಯುತ್ತದೆ ಎಂದು ಹೇಳಿತು. ಅದನ್ನು ಪರಿಶೀಲಿಸಿದ ಅಂಚೆ ನಿಯಂತ್ರಣ ಆಯೋಗ 2011ರ ಮಾರ್ಚ್‌ನಲ್ಲಿ ಕೊಟ್ಟ ಅಭಿಪ್ರಾಯದಲ್ಲಿ ಆ ಮೊತ್ತವನ್ನು 170 ಕೋಟಿಗೆ ಇಳಿಸಿತು. ಫಸ್ಟ್ ಕ್ಲಾಸ್ (ಮಾಮೂಲಿ ಪತ್ರಗಳು) ಮತ್ತು ಪ್ರಯಾರಿಟಿ (ಹೆಚ್ಚು ದರದ, ಬೇಗ ತಲುಪುವ) ಟಪಾಲಿನ ಕಾಲು ಭಾಗ ಸರಾಸರಿ ಎರಡು ದಿನ ತಡವಾಗುತ್ತದೆ, ದೂರದ ಹಳ್ಳಿಗಳ ಮೇಲಿನ ಪರಿಣಾಮವನ್ನು ಸರಿಯಾಗಿ ತೂಗಿಲ್ಲ ಎಂದೂ ಹೇಳಿತು. ಈ ವಿಷಯದಲ್ಲಿ ಆಯೋಗದ ಲೆಕ್ಕವೇ ಹೆಚ್ಚು ನಂಬತಕ್ಕದ್ದು ಎಂಬುದು ನಮ್ಮ ಅಭಿಪ್ರಾಯ.

ಅಂಚೆ ಸೇವೆ ಸರ್ಕಾರದ್ದು ತಾನೆ? ಸರ್ಕಾರ ದುಡ್ಡು ಕೊಡುವುದಿಲ್ಲವೇ?

ನಮ್ಮಲ್ಲಿ ಅಂಚೆ ಕೇಂದ್ರ ಸರ್ಕಾರದ ಒಂದು ಇಲಾಖೆ. ಕೊರತೆ ಬಿದ್ದರೆ ಬಜೆಟ್ಟಿನಿಂದ ತುಂಬುತ್ತಾರೆ. ಅಮೆರಿಕದಲ್ಲೂ 1971ರವರೆಗೆ ಹಾಗೇ ಇತ್ತು. 1970ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಿಂದ ಶುರುವಾದ ಅಂಚೆ ನೌಕರರ ಮುಷ್ಕರ ದೇಶವ್ಯಾಪಿಯಾಗಿ, ಸುಮಾರು 2 ಲಕ್ಷ ಜನ ಕೆಲಸ ಬಿಟ್ಟರು. ಅದರ ಬೆನ್ನಿಗೇ ಬಂದ ಕಾಯ್ದೆಯಂತೆ 1971ರ ಜುಲೈ 1ರಿಂದ ಅಂಚೆ ಇಲಾಖೆ ಹೋಗಿ ಯುಎಸ್‌ಪಿಎಸ್ ಎಂಬ ಸ್ವತಂತ್ರ ಸಂಸ್ಥೆ ಬಂತು. ಅಂಚೆಚೀಟಿ ಮತ್ತು ಪಾರ್ಸೆಲ್‌ನ ಆದಾಯದಲ್ಲೇ ಸಂಸಾರ ತೂಗಿಸಬೇಕು ಎಂಬುದು ಷರತ್ತು. ಅಂಧರಿಗೆ ಉಚಿತ ಟಪಾಲು, ವಿದೇಶದಲ್ಲಿರುವ ಮತದಾರರ ಟಪಾಲು ಇಂಥವಕ್ಕೆ ಚೂರುಪಾರು ಅನುದಾನ ಬಿಟ್ಟರೆ ದಿನನಿತ್ಯದ ಖರ್ಚಿಗೆ ತೆರಿಗೆ ಹಣ ಬರುವುದಿಲ್ಲ.

ಸಂಸ್ಥೆ ತನ್ನ ಕಾಲ ಮೇಲೆ ನಿಲ್ಲಬೇಕು, ಆದರೆ ಎಷ್ಟು ದಿನ ಹಂಚಬೇಕು, ದರ ಎಷ್ಟು ಏರಿಸಬಹುದು, ಪಿಂಚಣಿ ಹಣವನ್ನು ಎಲ್ಲಿ ಹೂಡಬೇಕು, ಎಷ್ಟು ಸಾಲ ಮಾಡಬಹುದು, ಎಲ್ಲವನ್ನೂ ನಿಗದಿ ಮಾಡುವವರು ಬೇರೆಯವರು. ಖಜಾನೆಯಿಂದ ಪಡೆಯುವ ಸಾಲದ ಮಿತಿ 1,500 ಕೋಟಿ ಡಾಲರ್. 2012ರ ಸೆಪ್ಟೆಂಬರ್‌ನಲ್ಲೇ ಆ ಮಿತಿ ಮುಟ್ಟಿಹೋಯಿತು.

ನಷ್ಟ ಎಷ್ಟು?

ಅಮೆರಿಕದ ಹಣಕಾಸು ವರ್ಷ ಅಕ್ಟೋಬರ್‌ನಿಂದ ಸೆಪ್ಟೆಂಬರ್. 2012ರಲ್ಲಿ 1,590 ಕೋಟಿ ಡಾಲರ್, 2020ರಲ್ಲಿ 920 ಕೋಟಿ, 2023ರಲ್ಲಿ 650 ಕೋಟಿ, 2024ರಲ್ಲಿ 950 ಕೋಟಿ, 2025ರಲ್ಲಿ ಸುಮಾರು 900 ಕೋಟಿ. 2024ರಲ್ಲಿ ಆದಾಯವೇ 7,950 ಕೋಟಿ ಡಾಲರ್ ಇತ್ತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಅಂದಾಜು ಸಿಗುತ್ತದೆ.

2022ರಲ್ಲಿ 5,600 ಕೋಟಿ ಲಾಭ ಎಂದು ಕಾಣುತ್ತದೆ. ಅದನ್ನು ನೋಡಿ ಮೋಸಹೋಗಬೇಡಿ. ಆ ವರ್ಷದ ಸುಧಾರಣಾ ಕಾಯ್ದೆ ಹಳೆಯ ಬಾಕಿಯನ್ನು ಮನ್ನಾ ಮಾಡಿದ್ದರಿಂದ ಪುಸ್ತಕದಲ್ಲಿ ಮೂಡಿದ ಅಂಕಿ ಅದು, ಗಲ್ಲಾಪೆಟ್ಟಿಗೆಗೆ ಬಂದ ಹಣವಲ್ಲ.

2006ರ ಕಾಯ್ದೆಯೇ ಅಂಚೆಯನ್ನು ಮುಳುಗಿಸಿತು ಎನ್ನುತ್ತಾರೆ. ಸರಿಯೇ?

ಅರ್ಧ ಸರಿ. 2006ರ ಡಿಸೆಂಬರ್ 20ರಂದು ಜಾರ್ಜ್ ಡಬ್ಲ್ಯು. ಬುಷ್ ಸಹಿ ಹಾಕಿದ ಕಾಯ್ದೆ ಎರಡು ಹಗ್ಗ ಬಿಗಿಯಿತು. ನಿವೃತ್ತರ ಆರೋಗ್ಯ ವಿಮೆಗಾಗಿ ಹತ್ತು ವರ್ಷ, ವರ್ಷಕ್ಕೆ ಸುಮಾರು 550 ಕೋಟಿ ಡಾಲರ್ ಮುಂಗಡವಾಗಿ ಕಟ್ಟಿಡಬೇಕು ಎಂಬುದು ಒಂದು. ಪತ್ರದ ದರವನ್ನು ಹಣದುಬ್ಬರಕ್ಕಿಂತ ಹೆಚ್ಚು ಏರಿಸಕೂಡದು ಎಂಬುದು ಇನ್ನೊಂದು. ಆ ಹೊತ್ತಿಗೇ 2008ರ ಆರ್ಥಿಕ ಕುಸಿತ ಬಂತು, ಬಿಲ್ಲುಗಳು ಇಮೇಲಿಗೆ ಹೋದವು. 2012ರ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಎರಡು ಕಂತು ಕಟ್ಟಲಾಗದೆ ಸಂಸ್ಥೆ ಕೈಚೆಲ್ಲಿತು. ಆ ವರ್ಷದ 1,590 ಕೋಟಿ ನಷ್ಟದಲ್ಲಿ 1,110 ಕೋಟಿ ಈ ಕಂತುಗಳದ್ದೇ. ಬಹುತೇಕ ಫೆಡರಲ್ ಇಲಾಖೆಗಳಿಗೆ ಹೊರಿಸದ ಭಾರ ಅದು, ಅನ್ಯಾಯದ ಭಾರ.

ಆದರೆ 2022ರಲ್ಲಿ ಆ ಷರತ್ತು ರದ್ದಾಯಿತು, ಬಾಕಿ 5,700 ಕೋಟಿಯೂ ಮನ್ನಾ ಆಯಿತು. ಅದಾದ ಮೇಲೂ ವರ್ಷ ವರ್ಷ ನಷ್ಟ ಬರುತ್ತಿದೆ. ಮೂಲ ಕಾರಣ ಪತ್ರವೇ ಕಡಿಮೆಯಾದದ್ದು. ಫಸ್ಟ್ ಕ್ಲಾಸ್ ಪತ್ರಗಳು 2001ರಲ್ಲಿ 10,370 ಕೋಟಿ ಇದ್ದವು. 2024ರಲ್ಲಿ ಸುಮಾರು 4,430 ಕೋಟಿ. ಎಲ್ಲ ಬಗೆಯ ಟಪಾಲು ಸೇರಿ 2006ರಲ್ಲಿ 21,300 ಕೋಟಿ ಇದ್ದದ್ದು 2024ರಲ್ಲಿ 11,200 ಕೋಟಿ ಆಸುಪಾಸಿಗೆ ಇಳಿದಿದೆ. ಇತ್ತ ವಿಳಾಸಗಳು ಮಾತ್ರ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಸೇರುತ್ತ ಈಗ ಸುಮಾರು 17 ಕೋಟಿ ಆಗಿವೆ. ಒಂದು ಬೀದಿಯಲ್ಲಿ ಮನೆಗೆ ಐದು ಪತ್ರ ಹಾಕಿದರೂ ಒಂದು ಹಾಕಿದರೂ ಪೋಸ್ಟ್‌ಮ್ಯಾನ್ ಅಷ್ಟೇ ದೂರ ನಡೆಯಬೇಕು. ಸಂಬಳ ಮತ್ತು ಸೌಲಭ್ಯಗಳೇ ಒಟ್ಟು ಖರ್ಚಿನ ಮುಕ್ಕಾಲು ಭಾಗದಷ್ಟಿರುವ ಸಂಸ್ಥೆಯಲ್ಲಿ ಇದು ಸಣ್ಣ ಮಾತಲ್ಲ. ಹಳೆಯ ಪಿಂಚಣಿ ಯೋಜನೆಗಳ ಕಂತುಗಳೂ ಇನ್ನೂ ತಲೆಯ ಮೇಲಿವೆ.

ಅಂಚೆಚೀಟಿ ಬೆಲೆ ಇಷ್ಟು ಸಲ ಏರುತ್ತಿರುವುದು ಅದಕ್ಕೇ?

ಹೌದು. 2020ರ ನವೆಂಬರ್‌ನಲ್ಲಿ ನಿಯಂತ್ರಣ ಆಯೋಗ ಹಣದುಬ್ಬರ ಮೀರಿ ದರ ಏರಿಸಲು ಅವಕಾಶ ಕೊಟ್ಟಿತು. 55 ಸೆಂಟ್ ಇದ್ದ ಫಾರೆವರ್ ಚೀಟಿ 2021ರ ಆಗಸ್ಟ್‌ನಲ್ಲಿ 58 ಆಯಿತು, ನಂತರ 60, 63, 66, 68, 73. 2025ರ ಜುಲೈ 13ರಂದು 78 ಸೆಂಟ್ ಆಯಿತು. ಫಾರೆವರ್ ಚೀಟಿಗೆ ಮುಖಬೆಲೆ ಇರುವುದಿಲ್ಲ, ಎಂದು ಕೊಂಡರೂ ಎಂದೆಂದಿಗೂ ಒಂದು ಔನ್ಸ್ (28 ಗ್ರಾಂ) ಪತ್ರಕ್ಕೆ ನಡೆಯುತ್ತದೆ. ದರ ಏರಿಕೆ ಪ್ರಕಟವಾದ ಕೂಡಲೇ ಒಂದೆರಡು ಹಾಳೆ ಕೊಂಡಿಡುವುದು ಜಾಣತನ. ಅರ್ಧ ಬೆಲೆಗೆ ಚೀಟಿ ಮಾರುವ ಆನ್‌ಲೈನ್ ಜಾಹೀರಾತುಗಳನ್ನು ಮಾತ್ರ ನಂಬಬೇಡಿ. ಅವು ಬಹುಪಾಲು ನಕಲಿ. ನಕಲಿ ಚೀಟಿ ಅಂಟಿಸಿದ ಪತ್ರವನ್ನು ಅಂಚೆಯವರು ತಡೆಹಿಡಿಯಬಹುದು.

ವೇಗಕ್ಕೆ ಕತ್ತರಿ ಬಿದ್ದಿದೆ ಎಂದಿರಿ. ನಿರ್ದಿಷ್ಟವಾಗಿ ಏನು ಬದಲಾಗಿದೆ?

2021ರ ಮಾರ್ಚ್‌ನಲ್ಲಿ ಅಂದಿನ ಪೋಸ್ಟ್‌ಮಾಸ್ಟರ್ ಜನರಲ್ ಲೂಯಿಸ್ ಡಿಜಾಯ್ ಹತ್ತು ವರ್ಷದ ಯೋಜನೆಯೊಂದನ್ನು ಮುಂದಿಟ್ಟರು. ಏನೂ ಮಾಡದಿದ್ದರೆ ಹತ್ತು ವರ್ಷದಲ್ಲಿ 16,000 ಕೋಟಿ ಡಾಲರ್ ನಷ್ಟ ಎಂಬುದು ಅದರ ಪೀಠಿಕೆ. ಅದೇ ವರ್ಷ ಅಕ್ಟೋಬರ್ 1ರಿಂದ ಫಸ್ಟ್ ಕ್ಲಾಸ್ ಪತ್ರದ ಗಡುವು ಒಂದರಿಂದ ಮೂರು ದಿನ ಇದ್ದದ್ದು ಒಂದರಿಂದ ಐದು ದಿನವಾಯಿತು.

ಎರಡನೆಯ ಬದಲಾವಣೆ 2025ರ ಏಪ್ರಿಲ್ ಮತ್ತು ಜುಲೈನಲ್ಲಿ, ಎರಡು ಹಂತದಲ್ಲಿ ಬಂತು. ಇದರ ಪರಿಣಾಮ ಹೆಚ್ಚು ದೊಡ್ಡದು, ಗೊತ್ತಿರುವವರು ಕಡಿಮೆ. ಮೊದಲು ಸಂಜೆ ಒಂದು ಲಾರಿ ಬಂದು ಆ ದಿನ ಪೆಟ್ಟಿಗೆಗೆ ಬಿದ್ದ ಪತ್ರಗಳನ್ನೆಲ್ಲ ವಿಂಗಡಣಾ ಕೇಂದ್ರಕ್ಕೆ ಒಯ್ಯುತ್ತಿತ್ತು. ಈಗ ಪ್ರಾದೇಶಿಕ ಕೇಂದ್ರದಿಂದ 50 ಮೈಲಿಗಿಂತ ದೂರದ ಅನೇಕ ಅಂಚೆ ಕಚೇರಿಗಳಿಗೆ ಸಂಜೆಯ ಲಾರಿ ಇಲ್ಲ. ಬೆಳಿಗ್ಗೆ ಟಪಾಲು ತಂದಿಳಿಸುವ ಲಾರಿಯೇ ಹಿಂದಿನ ದಿನದ ಪತ್ರಗಳನ್ನು ಎತ್ತಿಕೊಂಡು ಹೋಗುತ್ತದೆ. ಅಂದರೆ ನಿಮ್ಮ ಪತ್ರ ಒಂದು ರಾತ್ರಿ ಅಲ್ಲೇ ಮಲಗುತ್ತದೆ. ಜೊತೆಗೆ, ಶನಿವಾರ ಹಾಕಿದ ಪತ್ರದ ಗಡುವು ಎಣಿಸುವಾಗ ಭಾನುವಾರವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ದೊಡ್ಡ ನಗರಗಳ ನಡುವಿನ ಕೆಲವು ಪತ್ರಗಳು ಮೊದಲಿಗಿಂತ ಬೇಗ ಹೋಗುತ್ತವೆ, ಅದೂ ನಿಜ. ಹೊಡೆತ ಬಿದ್ದಿರುವುದು ಸಣ್ಣ ಊರುಗಳಿಗೆ.

ವಾರಾಂತ್ಯದಲ್ಲಿ ಪತ್ರ ಹಾಕಿದರೆ ಏನಾಗುತ್ತದೆ?

ವಿಂಗಡಣಾ ಕೇಂದ್ರದಿಂದ 80 ಮೈಲಿ ದೂರದ ಊರು ಎಂದಿಟ್ಟುಕೊಳ್ಳಿ. ಶನಿವಾರ ಮಧ್ಯಾಹ್ನ ನಾಲ್ಕಕ್ಕೆ ಪತ್ರವನ್ನು ಬೀದಿಬದಿಯ ನೀಲಿ ಅಂಚೆ ಡಬ್ಬಿಗೆ ಹಾಕಿದಿರಿ. ಬೆಳಗಿನ ಲಾರಿ ಆಗಲೇ ಬಂದುಹೋಗಿದೆ. ಭಾನುವಾರ ಸಾಗಣೆ ಇಲ್ಲ. ಸೋಮವಾರ ಬೆಳಿಗ್ಗೆ ಲಾರಿ ಎತ್ತಿಕೊಳ್ಳುತ್ತದೆ, ಸಂಜೆಯೋ ರಾತ್ರಿಯೋ ಕೇಂದ್ರದ ಯಂತ್ರ ಸೀಲು ಒತ್ತುತ್ತದೆ. ಸೀಲಿನಲ್ಲಿ ಸೋಮವಾರದ ತಾರೀಕು. ಸೋಮವಾರ ರಜೆಯಿದ್ದರೆ ಮಂಗಳವಾರದ್ದು. ನೀವು ಶನಿವಾರವೇ ಹಾಕಿದಿರಿ ಎಂಬುದಕ್ಕೆ ಆ ಲಕೋಟೆಯ ಮೇಲೆ ಯಾವ ಗುರುತೂ ಇರುವುದಿಲ್ಲ.

ಸೀಲಿನ ತಾರೀಕು ಎಂದರೆ ಪತ್ರ ಹಾಕಿದ ತಾರೀಕು ಎಂಬ ಹಳೆಯ ನಂಬಿಕೆ ಈಗ ಬಿಡಬೇಕು. 2025ರ ಡಿಸೆಂಬರ್ 24ರಿಂದ ಜಾರಿಯಾದ ನಿಯಮದಲ್ಲಿ ಅಂಚೆ ಸೇವೆಯೇ ಇದನ್ನು ಬರೆದುಕೊಂಡಿದೆ: ಯಂತ್ರದ ಸೀಲಿನ ತಾರೀಕು, ಪತ್ರ ತನ್ನ ಕೈಗೆ ಬಂದ ದಿನವೇ ಆಗಿರಬೇಕಿಲ್ಲ.

ಇದರಿಂದ ತೊಂದರೆ ಯಾರಿಗೆ?

ಗಡುವಿನೊಳಗೆ ಕಾಗದ ಕಳಿಸುವ ಎಲ್ಲರಿಗೂ. ತೆರಿಗೆ ಇಲಾಖೆಯಲ್ಲಿ ಗಡುವಿನ ದಿನದ ಸೀಲು ಇದ್ದರೆ, ಕಾಗದ ಆಮೇಲೆ ತಲುಪಿದರೂ ಸಕಾಲಕ್ಕೆ ಸಲ್ಲಿಸಿದಂತೆ. ಏಪ್ರಿಲ್ 15ರಂದು ಡಬ್ಬಿಗೆ ಹಾಕಿ 16ರ ಸೀಲು ಬಿದ್ದರೆ ದಂಡದ ನೋಟಿಸು ಬರಬಹುದು. ಕ್ರೆಡಿಟ್ ಕಾರ್ಡಿನ ಚೆಕ್ಕಿಗಂತೂ ಸೀಲಿನ ಲೆಕ್ಕವೇ ಇಲ್ಲ, ತಲುಪಿದ ದಿನವೇ ಲೆಕ್ಕ. ಅಂಚೆ ಮತಪತ್ರದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಅಮೆರಿಕದ ಪೌರತ್ವ ಪಡೆದು ಮತ ಹಾಕುವವರು ಚುನಾವಣೆಗೆ ಕನಿಷ್ಠ ಒಂದು ವಾರ ಮೊದಲೇ ಹಾಕಿಬಿಡಬೇಕು. ಅಂಚೆಯಲ್ಲಿ ಔಷಧಿ ತರಿಸುವ ವೃದ್ಧರು ಮಾತ್ರೆ ಮುಗಿಯುವ ಎರಡು ವಾರ ಮೊದಲೇ ಆರ್ಡರ್ ಮಾಡುವುದು ಒಳ್ಳೆಯದು.

ತಾರೀಕನ್ನು ಖಚಿತ ಮಾಡಿಕೊಳ್ಳುವುದು ಹೇಗೆ?

ಡಬ್ಬಿಗೆ ಹಾಕಬೇಡಿ, ಕೌಂಟರಿಗೆ ಹೋಗಿ. ಅಂಚೆಚೀಟಿ ಅಂಟಿಸಿದ ಲಕೋಟೆ ಕೊಟ್ಟು, ಕೈಯಿಂದ ಸೀಲು ಹೊಡೆದುಕೊಡಿ ಎಂದು ಕೇಳಿ. ಇದಕ್ಕೆ ಶುಲ್ಕವಿಲ್ಲ. ಸೀಲು ಸ್ಪಷ್ಟವಾಗಿ ಬಿದ್ದಿದೆಯೇ ಎಂದು ಅಲ್ಲೇ ನೋಡಿ, ಫೋನಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಕೌಂಟರಿನಲ್ಲಿ ಗುಮಾಸ್ತರು ಹಣ ಪಡೆದು ಅಂಟಿಸುವ ಅಚ್ಚಿನ ಲೇಬಲ್ಲಿನಲ್ಲೂ ಅದೇ ದಿನದ ತಾರೀಕು ಇರುತ್ತದೆ. ಸ್ವಯಂಸೇವಾ ಯಂತ್ರದಲ್ಲೋ ಮನೆಯ ಪ್ರಿಂಟರಿನಲ್ಲೋ ತೆಗೆದ ಲೇಬಲ್ಲಿಗೆ ಆ ಬೆಲೆಯಿಲ್ಲ. ಅದು ಅಚ್ಚಾದ ದಿನವನ್ನು ಹೇಳುತ್ತದೆ, ಅಂಚೆಗೆ ಒಪ್ಪಿಸಿದ ದಿನವನ್ನಲ್ಲ.

ಇನ್ನೂ ಗಟ್ಟಿ ದಾಖಲೆ ಬೇಕಿದ್ದರೆ ಸಣ್ಣ ಶುಲ್ಕ ಕೊಟ್ಟು ಫಾರ್ಮ್ 3817, ಅಂದರೆ ಪತ್ರ ಹಾಕಿದ್ದಕ್ಕೆ ಪ್ರಮಾಣಪತ್ರ ಪಡೆಯಿರಿ. ತೆರಿಗೆ, ಕೋರ್ಟು, ವಲಸೆ ಕಾಗದಗಳಿಗೆ ಸರ್ಟಿಫೈಡ್ ಮೇಲ್ ಉತ್ತಮ. ಅದರ ಹಸಿರು-ಬಿಳಿ ಚೀಟಿ ಫಾರ್ಮ್ 3800. ಇಲ್ಲಿ ಬಹಳ ಜನ ಮಾಡುವ ತಪ್ಪು ಎಂದರೆ ಚೀಟಿಯನ್ನು ಅಂಟಿಸಿ ಡಬ್ಬಿಗೆ ಹಾಕುವುದು. ಆಗ ನಿಮ್ಮ ಕೈಲಿ ಉಳಿಯುವ ಅರ್ಧ ಚೀಟಿಗೆ ಸೀಲೇ ಇರುವುದಿಲ್ಲ. ಕೌಂಟರಿನಲ್ಲಿ ಕೊಟ್ಟು ರಸೀದಿಯ ಮೇಲೂ ಸೀಲು ಹೊಡೆಸಿಕೊಳ್ಳಿ. ತಲುಪಿದವರ ಸಹಿ ಬೇಕಿದ್ದರೆ ಫಾರ್ಮ್ 3811 ಸೇರಿಸಿ. ಹಸಿರು ಬಣ್ಣದ ಈ ರಟ್ಟಿಗೂ ಅಂಚೆ ಕಚೇರಿಯಲ್ಲಿ "ಗ್ರೀನ್ ಕಾರ್ಡ್" ಎಂದೇ ಹೆಸರು, ಕೇಳಿ ಗಾಬರಿಯಾಗಬೇಡಿ.

ಶನಿವಾರ ಕೌಂಟರುಗಳು ಕಡಿಮೆ ಹೊತ್ತು ತೆರೆದಿರುತ್ತವೆ, ಕೆಲವೆಡೆ ಮಧ್ಯಾಹ್ನಕ್ಕೇ ಮುಚ್ಚುತ್ತವೆ. ಹೊರಡುವ ಮುನ್ನ ವೇಳೆ ನೋಡಿಕೊಳ್ಳಿ. ನೀಲಿ ಡಬ್ಬಿಯನ್ನೇ ಬಳಸಬೇಕಾಗಿ ಬಂದರೆ ಅದರ ಮೇಲಿನ ಬಿಳಿ ಚೀಟಿಯಲ್ಲಿ ಕೊನೆಯ ಸಂಗ್ರಹದ ವೇಳೆ ಇರುತ್ತದೆ, ಅದಕ್ಕೆ ಮೊದಲು ಹಾಕಿ. ರಾತ್ರಿಯಿಡೀ, ಅದರಲ್ಲೂ ಶನಿವಾರ ರಾತ್ರಿ, ಡಬ್ಬಿಯಲ್ಲಿ ಚೆಕ್ ಬಿಡಬೇಡಿ. ಕಳ್ಳರು ಹೊಂಚುಹಾಕುವುದು ಆ ಹೊತ್ತಿಗೇ.

ಗ್ರೀನ್ ಕಾರ್ಡ್, ಇಎಡಿ (ಕೆಲಸದ ಪರವಾನಗಿ ಕಾರ್ಡ್) ಅಂಚೆಯಲ್ಲಿ ಬರಬೇಕಿದೆ. ಏನು ಎಚ್ಚರ ವಹಿಸಬೇಕು?

"ಇನ್‌ಫಾರ್ಮ್ಡ್ ಡೆಲಿವರಿ" ಎಂಬ ಉಚಿತ ಸೇವೆಗೆ ಹೆಸರು ಕೊಡಿ. ಗುರುತು ಪರಿಶೀಲನೆಯಾದ ಮೇಲೆ, ಬರಲಿರುವ ಪತ್ರಗಳ ವಿಳಾಸದ ಬದಿಯ ಕಪ್ಪು-ಬಿಳುಪು ಚಿತ್ರ ಬೆಳಿಗ್ಗೆ ಇಮೇಲಿಗೆ ಬರುತ್ತದೆ. ಯಂತ್ರದಲ್ಲಿ ಹಾಯದ ದೊಡ್ಡ ಲಕೋಟೆಗಳ ಚಿತ್ರ ಸಾಮಾನ್ಯವಾಗಿ ಬರುವುದಿಲ್ಲ. ಚಿತ್ರ ಬಂದ ದಿನವೇ ಪತ್ರ ಬಾರದಿದ್ದರೆ ಒಂದೆರಡು ದಿನ ಕಾಯಿರಿ.

ಮನೆ ಬದಲಿಸಿದವರು ಅಂಚೆ ಕಚೇರಿಯಲ್ಲಿ ಫಾರ್ಮ್ 3575 (ವಿಳಾಸ ಬದಲಾವಣೆಯ ಅರ್ಜಿ) ಕೊಟ್ಟರೆ ಫಸ್ಟ್ ಕ್ಲಾಸ್ ಪತ್ರಗಳು 12 ತಿಂಗಳು ಹೊಸ ವಿಳಾಸಕ್ಕೆ ಬರುತ್ತವೆ. ಆದರೆ ವಲಸೆ ಇಲಾಖೆಯ ಕಾರ್ಡುಗಳನ್ನು ಈ ವ್ಯವಸ್ಥೆಯಲ್ಲಿ ಮುಂದಕ್ಕೆ ಕಳಿಸುತ್ತಾರೆ ಎಂದು ನೆಚ್ಚಿ ಕೂರಬೇಡಿ, ವಿಳಾಸ ತಪ್ಪಿದ್ದರೆ ಅವು ಕಳಿಸಿದವರಿಗೇ ಹಿಂತಿರುಗುತ್ತವೆ. ಪೌರರಲ್ಲದವರು ವಿಳಾಸ ಬದಲಾದ 10 ದಿನದೊಳಗೆ ಎಆರ್-11 ಎಂಬ ಅರ್ಜಿಯ ಮೂಲಕ ಅಥವಾ ಆನ್‌ಲೈನ್ ಖಾತೆಯಲ್ಲಿ ವಲಸೆ ಇಲಾಖೆಗೆ ಪ್ರತ್ಯೇಕವಾಗಿ ತಿಳಿಸಬೇಕು. ಬಾಡಿಗೆ ಮನೆಯವರು ಟಪಾಲು ಪೆಟ್ಟಿಗೆಯ ಒಳಬದಿಗೆ ಮನೆಮಂದಿಯ ಹೆಸರು ಬರೆದ ಚೀಟಿ ಅಂಟಿಸಿಡಿ. ಕಾಯಂ ಪೋಸ್ಟ್‌ಮ್ಯಾನ್‌ಗೆ ನಿಮ್ಮ ಹೆಸರು ಗೊತ್ತಿದ್ದರೂ ಟಿ-6ಗೋ ಹೊಸಬನಿಗೋ ಗೊತ್ತಿರುವುದಿಲ್ಲ.

ಊರಿಗೆ ಹೋಗುವವರು "ಹೋಲ್ಡ್ ಮೇಲ್" ಕೇಳಿದರೆ 3ರಿಂದ 30 ದಿನ ಟಪಾಲನ್ನು ಕಚೇರಿಯಲ್ಲೇ ಇಡುತ್ತಾರೆ. ಅದಕ್ಕಿಂತ ದೀರ್ಘ ರಜೆಯಾದರೆ ನಂಬಿಕಸ್ಥ ಸ್ನೇಹಿತರ ಮನೆಗೆ ತಾತ್ಕಾಲಿಕ ವಿಳಾಸ ಬದಲಾವಣೆ ಮಾಡಿಸುವುದು ಸೂಕ್ತ.

ಪತ್ರ ಬರಲೇ ಇಲ್ಲ. ದೂರು ಎಲ್ಲಿ?

ಮೊದಲು ನಿಮ್ಮ ಬಟವಾಡೆ ಕಚೇರಿಗೆ ಬೆಳಿಗ್ಗೆ ಹೋಗಿ ಕೇಳಿ, ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ. ಆಮೇಲೆ ಆನ್‌ಲೈನ್ ಸಹಾಯ ಅರ್ಜಿ. ಏಳು ದಿನ ಕಳೆದರೂ ಸುಳಿವಿಲ್ಲದಿದ್ದರೆ ಕಳೆದ ಟಪಾಲಿನ ಹುಡುಕಾಟಕ್ಕೆ ಅರ್ಜಿ ಹಾಕಬಹುದು. ಲಕೋಟೆಯ ಗಾತ್ರ, ಬಣ್ಣ, ಒಳಗೇನಿತ್ತು ಎಂಬುದನ್ನು ಬಿಡಿಸಿ ಬರೆಯಿರಿ. ಕಳವಿನ ಅನುಮಾನವಿದ್ದರೆ ಪೋಸ್ಟಲ್ ಇನ್‌ಸ್ಪೆಕ್ಷನ್ ಸರ್ವಿಸ್‌ಗೆ ದೂರು ಕೊಡಿ.

ಬೇರೆ ದೇಶಗಳಲ್ಲಿ ಶನಿವಾರದ ಗತಿ ಏನು?

ಕೆನಡಾ 1969ರಲ್ಲೇ ಶನಿವಾರದ ಪತ್ರ ಹಂಚಿಕೆ ನಿಲ್ಲಿಸಿತು. ಬ್ರಿಟನ್ನಿನಲ್ಲಿ 2025ರ ಜುಲೈ 28ರಿಂದ ಸೆಕೆಂಡ್ ಕ್ಲಾಸ್ ಪತ್ರ ಶನಿವಾರ ಇಲ್ಲ, ಉಳಿದ ದಿನಗಳಲ್ಲೂ ದಿನ ಬಿಟ್ಟು ದಿನ. ಫಸ್ಟ್ ಕ್ಲಾಸ್ ಆರು ದಿನ ಮುಂದುವರಿದಿದೆ. ಡೆನ್ಮಾರ್ಕಿನ ಅಂಚೆ ಸಂಸ್ಥೆ 2025ರ ಡಿಸೆಂಬರ್ 30ರಂದು ತನ್ನ ಕೊನೆಯ ಪತ್ರ ಹಂಚಿ, 400 ವರ್ಷದ ಕೆಲಸ ನಿಲ್ಲಿಸಿತು. ಅಮೆರಿಕದಲ್ಲಿ ಶನಿವಾರದ ಬಟವಾಡೆ ಇನ್ನೂ ಉಳಿದಿರುವುದು ಸಂಸತ್ತಿನ ಷರತ್ತಿನಿಂದ, ಹಳ್ಳಿಯ ಮತದಾರರ ಒತ್ತಡದಿಂದ. ಆ ಒತ್ತಡ ನ್ಯಾಯವಾದದ್ದು. ಖಾಸಗಿ ಕೊರಿಯರ್‌ಗಳು ಲಾಭವಿಲ್ಲದ ಊರಿಗೆ ಹೆಚ್ಚುವರಿ ಶುಲ್ಕ ಹಾಕುತ್ತವೆ. ಅಂಚೆಚೀಟಿಗೆ ಮಾತ್ರ ಅಲಾಸ್ಕಾದ ಹಳ್ಳಿಗೂ ಮ್ಯಾನ್‌ಹಟನ್‌ಗೂ ಒಂದೇ ಬೆಲೆ.

ಊರಿನಿಂದ ಕಳಿಸಿದ ಪಾರ್ಸೆಲ್ ನಿಂತುಹೋಗಿತ್ತು. ಅದೂ ಈ ನಷ್ಟದಿಂದಲೇ?

ಅಲ್ಲ. 2025ರ ಆಗಸ್ಟ್ 29ರಿಂದ ಅಮೆರಿಕ 800 ಡಾಲರ್‌ವರೆಗಿನ ಸರಕಿಗಿದ್ದ ಸುಂಕ ವಿನಾಯಿತಿ ತೆಗೆದುಹಾಕಿತು. ಸುಂಕವನ್ನು ಯಾರು, ಹೇಗೆ ವಸೂಲಿ ಮಾಡಬೇಕೆಂಬುದು ಇತ್ಯರ್ಥವಾಗದೆ ಭಾರತೀಯ ಅಂಚೆ ಆಗಸ್ಟ್ ಕೊನೆಯಲ್ಲಿ ಅಮೆರಿಕದ ಬುಕಿಂಗ್ ನಿಲ್ಲಿಸಿ, ಅಕ್ಟೋಬರ್ 15ರಿಂದ ಮತ್ತೆ ಶುರುಮಾಡಿತು. ಈಗ ಬುಕ್ ಮಾಡುವಾಗಲೇ ಸುಂಕ ಕಟ್ಟುವ ವ್ಯವಸ್ಥೆ ಇದೆ. ದರ ಬದಲಾಗುತ್ತಿರುತ್ತದೆ, ಚಟ್ನಿಪುಡಿ ಕಟ್ಟುವ ಮೊದಲು ಅಂಚೆ ಕಚೇರಿಯಲ್ಲಿ ಕೇಳಿ.

ಅಮೆರಿಕದಿಂದ ಊರಿಗೆ ಪತ್ರ ಹಾಕುವುದಾದರೆ?

ಒಂದು ಔನ್ಸ್‌ವರೆಗೆ ಗ್ಲೋಬಲ್ ಫಾರೆವರ್ ಚೀಟಿ ಒಂದು ಸಾಕು, 2025ರ ಜುಲೈನಲ್ಲಿ ಅದರ ಬೆಲೆ 1.70 ಡಾಲರ್ ಆಯಿತು. ವಿಳಾಸ ಕನ್ನಡದಲ್ಲಿ ಬರೆಯುವ ಆಸೆಯಿದ್ದರೆ ಬರೆಯಿರಿ, ಆದರೆ ಊರು, ಆರಂಕಿಯ ಪಿನ್‌ಕೋಡ್, ಕೊನೆಯ ಸಾಲಿನಲ್ಲಿ ದೇಶದ ಹೆಸರು ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಇರಲೇಬೇಕು. ಅಮೆರಿಕದ ಯಂತ್ರ ಓದುವುದು ಆ ಕೊನೆಯ ಸಾಲನ್ನು. ಪಿನ್‌ಕೋಡ್ ಓದುವವರು ನಮ್ಮವರು. ಮದುವೆ ಕರೆಯೋಲೆಯಂಥ ದಪ್ಪ ಲಕೋಟೆಯನ್ನು ತೂಕ ಮಾಡಿಸದೆ ಹಾಕಬೇಡಿ. ಒಳಗೆ ಗಟ್ಟಿ ರಟ್ಟೋ ಅರಿಶಿನ-ಕುಂಕುಮದ ಪೊಟ್ಟಣವೋ ಇದ್ದು ಲಕೋಟೆ ಬಾಗದಿದ್ದರೆ ಯಂತ್ರಕ್ಕೆ ಹೋಗುವುದಿಲ್ಲ, ದರ ಹೆಚ್ಚಾಗುತ್ತದೆ. ಚೀಟಿ ಸಾಲದೆ ಹೋದರೆ ಅದು ಮೂರು ವಾರದ ನಂತರ ನಿಮ್ಮ ಬಾಗಿಲಿಗೇ ವಾಪಸು ಬರಬಹುದು, ಅಷ್ಟರಲ್ಲಿ ಮುಹೂರ್ತ ಕಳೆದಿರುತ್ತದೆ. ಸೋಮವಾರದಿಂದ ಗುರುವಾರದೊಳಗೆ ಬೆಳಿಗ್ಗೆ ಕೌಂಟರಿನಲ್ಲಿ ಕೊಟ್ಟರೆ ವಾರಾಂತ್ಯದಲ್ಲಿ ಊರಲ್ಲೇ ಬಿದ್ದಿರುವುದು ತಪ್ಪುತ್ತದೆ.